ಬಚ್ಚಲ ಹಿಂದಿನ ಕುಂಬಳ ಬಳ್ಳಿ

ನಮ್ಮ ಹಿತ್ತಲಲ್ಲಿ ನಾವು ಬಿತ್ತಿ ಬೆಳೆದಿದ್ದಕ್ಕಿಂತ ತಾವಾಗೇ ಹುಟ್ಟಿಕೊಂಡಿದ್ದೇ ಜಾಸ್ತಿ. ಪಾತ್ರೆ ತೊಳೆಯೋ ಕಲ್ಲಿನ ಪಕ್ಕ ಟೊಮೇಟೊ ಬರುತ್ತೆ, ತಿಪ್ಪೆ ಮೇಲೆ ಹಾಗಲ ಹಬ್ಬುತ್ತೆ, ಗೋಡೆ ಸಂದಿಯಿಂದ ಪರಂಗಿ ಗಿಡ ತಲೆ ಎತ್ತುತ್ತೆ. ಒಂದು ವರ್ಷ ಮೋರಿ ಪಕ್ಕ ಕಲ್ಲಂಗಡಿ ಬಳ್ಳಿ ಬಂದಿತ್ತು. ದಿನಾ ಹೋಗಿ ನೋಡಿ ನೋಡಿ, ಕೊನೆಗೆ ಕಾಯಿ ಕುಯ್ದ್ರೆ ಒಳಗೆಲ್ಲಾ ಬೆಳ್ಳಗೆ, ಸಪ್ಪಗೆ. ನಮ್ಮ ಯಜಮಾನ್ರು ವೆಂಕಟರಾಮಪ್ಪ ಅವತ್ತು ನಕ್ಕಿದ್ದೇ ನಕ್ಕಿದ್ದು. "ಬಿಟ್ಟಿ ಬಂದಿದ್ದು ಕಣೇ ಅಕ್ಕಯ್ಯ, ಅದರಲ್ಲಿ ಸಕ್ಕರೆ ಬೇರೆ ಬೇಕಾ ನಿಂಗೆ?" ಅಂತ.

ಶಿಡ್ಲಘಟ್ಟದಿಂದ ಚಿಂತಾಮಣಿ ರೋಡಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದ್ರೆ ನಮ್ಮೂರು. ಒಂದೂವರೆ ಎಕರೆ ರೇಷ್ಮೆ ಸೊಪ್ಪಿನ ತೋಟ, ಮನೆ ಹಿಂದೇನೇ ಹುಳು ಮನೆ. ಮನೇಲಿ ನಾವು ನಾಲ್ಕು ಜನ. ಯಜಮಾನ್ರು, ಅಕ್ಕಯ್ಯ ಅನ್ನೋ ನಾನು, ಮಗ ಮೋಹನ್‌ಬಾಬು, ಸೊಸೆ ಪವಿತ್ರ. ನನ್ನ ಬಾಯಿ ಜೋರು ಅಂತ ಊರಿಗೆಲ್ಲಾ ಗೊತ್ತು. ನಾನೇನೂ ಇಲ್ಲ ಅನ್ನಲ್ಲ. ಆದ್ರೆ ಬಾಯಿ ಬಿಡಬೇಕಾದ ಕಡೆ ಮುಚ್ಕೊಂಡಿದ್ದೆನಲ್ಲ, ಅದನ್ನ ಹೇಳ್ತೀನಿ ಕೇಳಿ.

ಹೋದ ವರ್ಷ ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಬಚ್ಚಲ ಹಿಂದೆ ಒಂದು ಕುಂಬಳ ಸಸಿ ಬಂತು. ಯಾರೂ ಬೀಜ ಹಾಕಿರಲಿಲ್ಲ. ನೋಡ್ತಾ ನೋಡ್ತಾ ಎಲೆ ಮೊರದಷ್ಟಗಲ ಆಯ್ತು, ಬಳ್ಳಿ ಬೇಲಿಗೆ ಹತ್ತಿತು. ನನ್ನ ಮೈ ಜುಂ ಅಂತು. ನಮ್ಮಮ್ಮ ಹೇಳ್ತಿದ್ಲು, ತಾನಾಗೇ ಹುಟ್ಟಿದ ಕುಂಬಳ ಬಳ್ಳಿ ಮನೆಗೆ ಕೂಸು ಕರ್ಕೊಂಡು ಬರುತ್ತೆ, ಅದನ್ನ ಕೀಳಬಾರದು ಅಂತ. ಬಾಬು ಮದುವೆ ಆಗಿ ಐದು ವರ್ಷ. ಪವಿತ್ರಂಗೆ ಎರಡು ಸಲ ನಿಂತಿತ್ತು, ಎರಡು ಸಲಾನೂ ಎರಡೂವರೆ ತಿಂಗಳಿಗೆ ಹೋಗಿತ್ತು.

ಶುಕ್ರವಾರ ಬಳ್ಳಿ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ ನೀರು ಹಾಕ್ತಿದ್ದೆ. ಪವಿತ್ರ ಬಟ್ಟೆ ಒಣಗಿಸೋಕೆ ಬಂದೋಳು ನೋಡಿದ್ಲು.

"ಅತ್ತೆ, ಯಾವತ್ತೋ ಸಾರಿಗೆ ಹೆಚ್ಚಿ ಬೀಜ ಎಸೆದಿರ್ತೀವಿ. ಅದಕ್ಕೆ ಪೂಜೆನಾ?"

"ಎಸೆದ ಬೀಜ ಎಲ್ಲಾ ಹುಟ್ತವಾ? ನೀನು ಸುಮ್ನಿರಮ್ಮ. ನಿನಗೋಸ್ಕರಾನೇ ಮಾಡ್ತಿರೋದು."

ಅವಳು ನಕ್ಕಳು. ನಗ್ತಾ ನಗ್ತಾ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ್ಲು.

ಊಟಕ್ಕೆ ಕೂತಾಗ ಯಜಮಾನ್ರು ಮುದ್ದೆ ಮುರೀತಾ ಅಂದ್ರು, "ಆ ಬಳ್ಳಿ ಬೇಲಿನೆಲ್ಲಾ ಮುಚ್ಕೊಂಡ್ಬಿಟ್ಟಿದೆ. ಗೋಣಿತಾಟು ಒಣಗಿಸೋಕೆ ಜಾಗ ಇಲ್ಲ. ಕಿತ್ತು ಬಿಸಾಕು."

"ಬಳ್ಳಿ ತಂಟೆಗೆ ಬಂದ್ರೆ ನಾಳೆಯಿಂದ ಮುದ್ದೆ ನೀವೇ ತಿರುವ್ಕೊಳಿ."

"ಅಪ್ಪ, ಸುಮ್ನಿರಪ್ಪ," ಅಂದ ಬಾಬು. "ಅಮ್ಮಂಗೆ ಈ ಮನೇಲಿ ಅದೊಂದೇ ಮಾತು ಕೇಳೋ ಜೀವ."

ಎಲ್ಲರೂ ನಕ್ಕೆವು. ಆ ಮನೇಲಿ ನಗು ಅಂತ ಇದ್ದಿದ್ದು ಅದೇ ಕೊನೆ ಇರಬೇಕು.

ಜೂನ್ ಕೊನೇಲಿ ಚಾಕಿ ಹುಳು ತಂದ್ವಿ. ಚಾಕಿ ಅಂದ್ರೆ ಎಳೇ ಹುಳು. ನೂರೈವತ್ತು ಮೊಟ್ಟೆಯ ಬೆಳೆ. ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ತತ್ತಿ. ಹುಳು ಮನೆಗೆ ಬಂದ ಮೇಲೆ ಮನುಷ್ಯರಿಗೆ ಬಿಡುವಿಲ್ಲ. ಬೆಳಿಗ್ಗೆ ಎದ್ದು ಸೊಪ್ಪು ಕುಯ್ದು ತರಬೇಕು, ಬಾಡದ ಹಾಗೆ ಒದ್ದೆ ಗೋಣಿತಾಟು ಹೊದಿಸಬೇಕು, ಹೊತ್ತು ಹೊತ್ತಿಗೆ ಹಾಕಬೇಕು. ಕೈಕಾಲು ತೊಳೀದೆ ಒಳಗೆ ಹೋಗೋ ಹಾಗಿಲ್ಲ. ಹೊಗೆಸೊಪ್ಪು ಜಗಿದು ಹೋಗೋ ಹಾಗಿಲ್ಲ. ಹೊರಗಾದ ಹೆಂಗಸರು ಮೂರು ದಿನ ಆ ಬಾಗಿಲು ದಾಟೋ ಹಾಗಿಲ್ಲ. ನಮ್ಮತ್ತೆ ನನ್ನನ್ನ ಹಾಗೇ ನಡೆಸಿದ್ರು, ನಾನು ಪವಿತ್ರನ್ನ ಹಾಗೇ ನಡೆಸಿದೆ. ಅವಳ ದಿನಗಳನ್ನ ಅಡುಗೆಮನೆ ಕ್ಯಾಲೆಂಡರಲ್ಲಿ ನಾನೇ ಗುರುತು ಹಾಕ್ತಿದ್ದೆ. ಹಿಂದೊಂದು ಸಲ ಕೈ ಕಮ್ಮಿ ಅಂತ ಎರಡು ದಿನ ಬಚ್ಚಿಟ್ಟುಕೊಂಡು ಕೆಲಸ ಮಾಡಿ, ಆಮೇಲೆ ತಾನೇ ಹೇಳಿ ಅತ್ತಿದ್ಲು. ಅದು ನನ್ನ ತಲೇಲಿ ಕೂತುಬಿಟ್ಟಿತ್ತು.

ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ವು. ಅದಕ್ಕೆ ನಾವು ನಾಲ್ಕನೇ ಜ್ವರ ಅಂತೀವಿ. ಅದಾದ ಮೇಲೆ ಒಂದು ವಾರ ಹೊಟ್ಟೆ ತುಂಬ ತಿಂದ್ರೆ ಗೂಡು ಕಟ್ಟುತ್ತವೆ. ತಿನ್ನೋ ಸದ್ದು ಜಿಟಿಜಿಟಿ ಮಳೆ ಹನಿದ ಹಾಗೆ ಮನೆಗೆಲ್ಲಾ ಕೇಳಿಸ್ತಿತ್ತು. ಅದೇ ಹೊತ್ತಿಗೆ ನನ್ನ ಬಳ್ಳಿಗೆ ಕೆಂಪು ದುಂಬಿ ಬಿತ್ತು. ಮೂರೇ ದಿನಕ್ಕೆ ಎಲೆ ಎಲ್ಲಾ ಜರಡಿ. ಬೂದಿ ಎರಚಿದೆ. ಬೂದಿ ಗಾಳಿಗೆ ಹೋಯ್ತು, ದುಂಬಿ ಹೋಗ್ಲಿಲ್ಲ.

ಪವಿತ್ರ ಅಂದ್ಲು, "ಬಿಸಿಲೇರೋಕೆ ಮುಂಚೆ ಅವು ಮಂಕಾಗಿರ್ತವೆ ಅತ್ತೆ. ಕೈಯಲ್ಲೇ ಹಿಡಿದು ಸೋಪಿನ ನೀರಿನ ಲೋಟಕ್ಕೆ ಹಾಕಿದ್ರೆ ಆಯ್ತು. ಹೊತ್ತು ಹಿಡಿಯುತ್ತೆ, ಅಷ್ಟೇ."

"ಹೊತ್ತು ಎಲ್ಲಿಂದ ತರ್ಲೇ? ನಿಮ್ಮಮ್ಮನ ಮನೆಯಿಂದ ಕಳಿಸ್ತಾರಾ?"

ಹಿಂದೆ ಎರಡು ವರ್ಷ ಟೊಮೇಟೊ ಹಾಕಿದ್ದಾಗ ತಂದ ಔಷಧಿ ಡಬ್ಬ, ಪ್ಯಾಕೆಟ್ಟು ಎಲ್ಲಾನೂ ಯಜಮಾನ್ರು ಹುಳು ಸಾಕೋ ಮನೇಲಿ ಇರಬಾರದು ಅಂತ ಊರಾಚೆ ಗುಂಡಿಗೆ ಹಾಕಿಸಿದ್ರು. ನಂಗೆ ಬಿಸಾಕೋ ಬುದ್ಧಿ ಇಲ್ಲ. ಅವರೆ ಬೀಜಕ್ಕೆ ಇರುವೆ ಹತ್ತಿದ್ರೆ ಬೇಕಾಗುತ್ತೆ ಅಂತ ಬಿಳಿ ಪುಡಿಯ ಒಂದು ಪ್ಯಾಕೆಟ್ಟನ್ನ ಕೊಟ್ಟಿಗೆ ಸೂರಲ್ಲಿ ಸಿಕ್ಕಿಸಿಟ್ಟಿದ್ದೆ. ಅವತ್ತು ಬೆಳಿಗ್ಗೆ ಅದನ್ನ ಇಳಿಸಿ, ಹಳೇ ಬಟ್ಟೇಲಿ ಗಂಟು ಕಟ್ಟಿ, ಬಳ್ಳಿ ಮೇಲೆಲ್ಲಾ ತಟ್ಟಿ ತಟ್ಟಿ ಹಾಕಿದೆ. ಗಾಳಿ ಇತ್ತು. ಪಕ್ಕದಲ್ಲೇ ಬೇಲಿ ಮೇಲೆ ಗೋಣಿತಾಟು ಒಣಗ್ತಿದ್ವು. ನಂಗೆ ಕಾಣಿಸ್ಲಿಲ್ಲ ಅಂತ ಹೇಳಲ್ಲ. ಕಂಡ್ವು. ಅವು ಸೊಪ್ಪಿಗೆ ಹೊದಿಸೋವು ಅಂತ ಹೊಳೀಲಿಲ್ಲ, ಅಷ್ಟೇ. ಗಂಟು ಒಲೆಗೆ ಹಾಕಿ, ಸೋಪು ಹಚ್ಚಿ ಕೈ ತೊಳೆದೆ, ಕಾಲು ತೊಳೆದೆ, ಸೀರೇನೂ ಬದಲಾಯಿಸಿದೆ. ಇಷ್ಟೆಲ್ಲಾ ಜಾಗ್ರತೆ ಮಾಡಿದೋಳು ನಾನು.

ಮಧ್ಯಾಹ್ನ ಬಾಬು ಅದೇ ತಾಟುಗಳನ್ನ ನೀರಲ್ಲಿ ಅದ್ದಿ ಸೊಪ್ಪಿನ ಮೇಲೆ ಹೊದಿಸಿದ.

ಮಾರನೇ ದಿನ ಬೆಳಿಗ್ಗೆ ಹುಳು ಮನೇಲಿ ಸದ್ದೇ ಇಲ್ಲ. ಹೋಗಿ ನೋಡ್ತೀವಿ, ಹುಳು ತಲೆ ಎತ್ತಿ ಎತ್ತಿ ಆಡಿಸ್ತಿದಾವೆ, ಬಾಯಲ್ಲಿ ಹಸಿರು ನೀರು ಕಕ್ತಿದಾವೆ, ಮೈ ಮುದುಡಿಕೊಂಡಿದಾವೆ. ಬೆರಳುದ್ದ ಇದ್ದವು ಅರ್ಧಕ್ಕೆ ಕುಗ್ಗಿದ್ವು. ಹೊತ್ತು ಏರೋದ್ರೊಳಗೆ ಒಂದೊಂದಾಗಿ ಉದುರೋಕೆ ಶುರುವಾಯ್ತು. ಬಾಬು ಎರಡು ಕೈಯಲ್ಲೂ ಬಾಚಿ ಬಾಚಿ ನೋಡ್ತಿದ್ದ. ಯಜಮಾನ್ರು ಬಾಗಿಲಲ್ಲೇ ಕೂತುಬಿಟ್ರು.

ನಾನು ಬಾಯಿ ಬಾಯಿ ಬಡ್ಕೊಂಡೆ. ಆಮೇಲೆ ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ನೋಡಿದೆ. ಗುರುತು ಹಾಕಿ ಏಳು ವಾರ ಆಗಿತ್ತು. ಇವಳು ಹೊರಗೆ ಕೂತೇ ಇಲ್ಲ!

"ಪವಿತ್ರಾ! ಬಾರೇ ಇಲ್ಲಿ. ನಿಜ ಹೇಳು. ಹೊರಗಾಗಿ ಬಚ್ಚಿಟ್ಟುಕೊಂಡು ಒಳಗೆ ಹೋಗಿದ್ಯಾ?"

"ಇಲ್ಲ ಅತ್ತೆ."

"ಹೋದ ತಿಂಗಳು ಕೂತ್ಕೊಂಡ್ಯಾ? ಇಲ್ಲ. ಈ ತಿಂಗಳು? ಅದೂ ಇಲ್ಲ. ಹಿಂದೆ ಒಂದು ಸಲ ಹೀಗೇ ಮಾಡಿದೋಳು ನೀನು."

"ನಾನು ಹೊರಗಾಗಿಲ್ಲ ಅತ್ತೆ. ದೇವರಾಣೆ."

"ದೇವರನ್ನ ಯಾಕೆ ಎಳೀತೀಯ? ಹುಳು ನೋಡು ಹೋಗಿ. ಅವೇ ಹೇಳ್ತಿದಾವೆ."

ಬಾಬು ಒಳಗೆ ಬಂದ. "ಅಮ್ಮ, ಅವಳು ಇಲ್ಲ ಅಂತಿದಾಳಲ್ಲ."

"ನೀನು ಹೆಂಡ್ತಿ ಸೆರಗು ಹಿಡ್ಕೊಂಡು ಮಾತಾಡಬೇಡ. ನಲವತ್ತು ವರ್ಷದಿಂದ ಹುಳು ನೋಡಿದೀನಿ ನಾನು."

ಪವಿತ್ರ ಏನೋ ಹೇಳೋಕೆ ಬಾಯಿ ತೆರೆದ್ಲು. ಬಾಬು ಮುಖ ನೋಡಿದ್ಲು, ನನ್ನ ಮುಖ ನೋಡಿದ್ಲು, ಸೆರಗು ಸಿಕ್ಕಿಸ್ಕೊಂಡು ಹುಳು ಮನೆಗೆ ಹೋದ್ಲು.

ಅಯ್ಯೋ, ಕೂಸು ಬರ್ಲಿ ಅಂತ ಬಳ್ಳಿಗೆ ಅರಿಶಿನ ಹಚ್ಚೋಳು ನಾನು. ಸೊಸೆ ಏಳು ವಾರದಿಂದ ಹೊರಗೆ ಕೂತಿಲ್ಲ ಅಂದ್ರೆ ಬೇರೆ ಏನೋ ಇರಬಹುದು ಅಂತ ಹೊಳೀಬೇಡವಾ ನನಗೆ? ಹೊಳೀಲಿಲ್ಲ. ಸಿಟ್ಟು ಬಂದ್ರೆ ನಂಗೆ ಕಣ್ಣೂ ಇಲ್ಲ, ತಲೇನೂ ಇಲ್ಲ.

ಸಂಜೆಗೆ ರೇಷ್ಮೆ ಇಲಾಖೆಯಿಂದ ಒಬ್ಬರು ಬಂದ್ರು. ಹುಳು ಎತ್ತಿ ನೋಡಿ ತಲೆ ಅಲ್ಲಾಡಿಸಿದ್ರು.

"ಇದು ರೋಗ ಅಲ್ಲ ವೆಂಕಟರಾಮಪ್ಪೋರೆ. ವಿಷ. ಎಲ್ಲಾದ್ರೂ ಔಷಧಿ ಹೊಡೆದಿದ್ರಾ? ಚೂರು ತಾಗಿದ್ರೂ ಸಾಕು. ಸೊಪ್ಪಿಗೆ, ಕೈಗೆ, ತಾಟಿಗೆ?"

ತಾಟು ಅಂದಿದ್ದೇ ತಡ, ಬೇಲಿ, ಗಾಳಿ, ಬಿಳಿ ಪುಡಿ ಎಲ್ಲಾ ಕಣ್ಣ ಮುಂದೆ ಬಂತು.

"ಏನಮ್ಮ, ನೀವೇನಾದ್ರೂ ಹಾಕಿದ್ರಾ?"

"ನಾವಾ? ನಮ್ಮನೇಲಿ ಆ ಸಾಮಾನೇ ಇಲ್ಲ ಸಾರ್," ಅಂದುಬಿಟ್ಟೆ.

ಅಷ್ಟೇ. ಒಂದು ಮಾತು. ಆಗ ಹೇಳಿದ್ದಿದ್ರೆ ಎಲ್ಲರೂ ಉಗೀತಿದ್ರು, ಉಗಿಸ್ಕೊಂಡು ಸುಮ್ಮನಾಗ್ತಿದ್ದೆ. ಬೆಳಿಗ್ಗೆ ಗಂಡ ಮಗನ ಮುಂದೆ ಸೊಸೆಯನ್ನ ಬೈದು, ಸಂಜೆಗೆ ನಾನೇ ಮಾಡಿದ್ದು ಅನ್ನೋಕೆ ನಾಲಿಗೆ ಏಳಲಿಲ್ಲ.

ಯಜಮಾನ್ರು ಪಕ್ಕದ ತೋಟದ ಕೋನಪ್ಪನ ಮೇಲೆ ಹೋದ್ರು. ಅವನದು ದ್ರಾಕ್ಷಿ, ಔಷಧಿ ಹೊಡೆಯೋ ಬೆಳೆ. ಮೂವತ್ತು ವರ್ಷದ ಸ್ನೇಹ, ಒಂದೇ ಬೀಡಿ ಹಂಚಿಕೊಂಡೋರು.

"ಗಾಳಿ ನೋಡ್ಕೊಂಡು ಹೊಡಿ ಅಂತ ಎಷ್ಟು ಸಲ ಹೇಳಿದೀನೋ ನಿಂಗೆ!"

"ವೆಂಕಟರಾಮಣ್ಣಾ, ಈ ತಿಂಗಳು ನಾನು ಪಂಪೇ ಎತ್ತಿಲ್ಲ. ನಾ ಬಿಡ್ಡಲ ಮೀದ ಒಟ್ಟು," ಅಂತ ತೆಲುಗಲ್ಲಿ ಮಕ್ಕಳ ಮೇಲೆ ಆಣೆ ಇಟ್ಟ ಕೋನಪ್ಪ.

"ಹೊಡೆಯೋದೂ ಹೊಡೆದು ಮಕ್ಕಳ ಮೇಲೆ ಆಣೆ ಬೇರೆ ಇಡ್ತೀಯಾ, ಥೂ!"

ಕೋನಪ್ಪ ಹೆಗಲ ಮೇಲಿನ ಟವಲ್ಲಲ್ಲಿ ಮುಖ ಒರೆಸ್ಕೊಂಡು ಹೋದ. ನಾನು ಬಾಗಿಲ ಹಿಂದೆ ನಿಂತು ಎಲ್ಲಾನೂ ಕೇಳಿಸ್ಕೊಂಡೆ.

ಆಮೇಲೆ ಎರಡು ದಿನ ಹುಳು ಮನೆ ಖಾಲಿ ಮಾಡೋ ಕೆಲಸ. ಸತ್ತ ಹುಳು ಮಂಕರಿಗೆ ತುಂಬಿ ಗುಂಡಿಗೆ ಸುರೀಬೇಕು, ಸ್ಟ್ಯಾಂಡ್ ತೊಳೀಬೇಕು, ತಾಟು ಒಗೀಬೇಕು, ಬ್ಲೀಚಿಂಗ್ ಪೌಡರ್ ಕಲಸಿ ನೆಲ ಗೋಡೆ ಉಜ್ಜಬೇಕು. ಬಾಬುನೂ ಯಜಮಾನ್ರೂ ಗುಂಡಿ ತೋಡಿದ್ರು. ಮಂಕರಿ ಹೊತ್ತಿದ್ದೂ, ತಾಟು ಒಗೆದಿದ್ದೂ, ನೆಲ ಉಜ್ಜಿದ್ದೂ ಪವಿತ್ರ. ನಾನು ಹೇಳಿಯೇ ಮಾಡಿಸಿದೆ. ವಿಷ ಅಂತ ಇಲಾಖೆಯವರು ಹೇಳಿದ್ರೂ ಅವಳ ಮೇಲಿನ ದೂರು ನಾನು ಬಿಟ್ಟಿರಲಿಲ್ಲ. ಮನಸ್ಸಲ್ಲಿ ತಪ್ಪು ಕೊರೀತಿದ್ದಷ್ಟೂ ಬಾಯಿ ಜೋರಾಗ್ತಿತ್ತು ನನಗೆ.

ಎರಡನೇ ದಿನ ಮಧ್ಯಾಹ್ನ ಗೋಡೆ ಹಿಡ್ಕೊಂಡು ನಿಂತ್ಲು.

"ಅತ್ತೆ, ಸೊಂಟ ಸೆಳೀತಿದೆ. ಸ್ವಲ್ಪ ಮಲಕ್ಕೊಳ್ಲಾ?"

"ಹುಳು ಕೊಂದೋಳಿಗೆ ಸೊಂಟ ನೋವು ಬೇರೆ ಕೇಡು," ಅಂದೆ.

ಈ ಮಾತು ನಾನೇ ಆಡಿದ್ದು. ಈ ಬಾಯಲ್ಲೇ.

ಅವಳು ಮಲಗಲಿಲ್ಲ. ಇನ್ನೊಂದು ಬಕೆಟ್ ನೀರು ತಂದ್ಲು. ಅರ್ಧ ಗಂಟೆ ಆದ್ಮೇಲೆ ಹುಳು ಮನೆ ಒಳಗಿಂದ "ಬಾಬೂ" ಅಂತ ಕೂಗಿದ್ದು ಕೇಳಿಸ್ತು. ಯಾವತ್ತೂ ಗಂಡನ ಹೆಸರು ಹಿಡಿದು ಕೂಗಿದೋಳಲ್ಲ. ಹೋಗಿ ನೋಡಿದ್ರೆ ತೊಳೆದ ನೆಲದ ಮೇಲೆ ಕೂತಿದಾಳೆ, ಸೀರೆ ಎಲ್ಲಾ ರಕ್ತ.

ಟೌನಿನ ಆಸ್ಪತ್ರೇಲಿ ಡಾಕ್ಟರಮ್ಮ ಹೊರಗೆ ಬಂದು ಕೇಳಿದ್ರು, "ಏಳು ವಾರ ದಾಟಿತ್ತು. ಎರಡು ಸಲ ಹೀಗಾದೋಳ ಕೈಲಿ ಇಂಥ ಕೆಲಸ ಮಾಡಿಸ್ತೀರೇನಮ್ಮ?"

ಬಾಬು ಗೋಡೆಗೆ ಒರಗಿದ. "ಹೇಳಲೇ ಇಲ್ಲವಲ್ಲೇ ನನಗೆ," ಅಂದ ಹೆಂಡ್ತಿ ಹತ್ರ ಹೋಗಿ.

"ಮೂರು ತಿಂಗಳು ತುಂಬ್ಲಿ ಅಂತ ಇದ್ದೆ ರೀ," ಅಂದ್ಲು. "ಮುಂಚೇನೇ ಹೇಳಿ ಎರಡು ಸಲ ಹೋಯ್ತಲ್ಲ. ಈ ಸಲ ಯಾರಿಗೂ ಹೇಳಬಾರದು ಅಂತ ಇದ್ದೆ."

ನಾನು ಮಂಚದ ಕಾಲ ಕಡೆ ನಿಂತಿದ್ದೆ. ಅವಳು ನನ್ನ ಕಡೆ ನೋಡಿದ್ಲು. ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ಸುಮ್ಮನೆ ನೋಡ್ತಾನೇ ಇದ್ಲು, ಏನೋ ಕೇಳಬೇಕು ಅನ್ನೋ ಹಾಗೆ. ನಾನು ತಲೆ ತಗ್ಗಿಸಿ ಫ್ಲಾಸ್ಕ್ ಮುಚ್ಚಳ ತಿರುವ್ತಾ ನಿಂತೆ.

ಮೂರನೇ ದಿನ ಅವರಮ್ಮ ಪಂಕಜ ಗೌರಿಬಿದನೂರಿಂದ ಬಂದ್ರು. ಗಂಡ ಇಲ್ಲ, ಹೊಲಿಗೆ ಮಾಡಿ ಎರಡು ಹೆಣ್ಣುಮಕ್ಕಳನ್ನ ಸಾಕಿದ ಹೆಂಗಸು. ಜಗಳ ಆಡೋ ಪೈಕಿ ಅಲ್ಲ.

"ಸ್ವಲ್ಪ ದಿನ ಕರ್ಕೊಂಡು ಹೋಗ್ತೀನಿ ಬೀಗಿತ್ತಿ," ಅಂದ್ರು. "ಮೈಗೆ ಬಲ ಬರ್ಲಿ."

"ಆಗ್ಲಿ ತಾಯಿ," ಅಂದೆ. ಹೇಳಬೇಕಾದ ಮಾತು ಇನ್ನೊಂದಿತ್ತು. ಬರ್ಲಿಲ್ಲ.

ಮನೆ ಬಿಕೋ ಅಂತು. ನಾನು ಮುದ್ದೆ ತಿರುವೋದು, ಇಬ್ಬರು ಗಂಡಸರು ತಿಂದು ಏಳೋದು. ಹುಣಸೇ ಹುಳಿ ಹೆಚ್ಚಾದ್ರೂ ಯಾರೂ ಮಾತಾಡಲ್ಲ, ಉಪ್ಪು ಕಮ್ಮಿ ಆದ್ರೂ ಯಾರೂ ಮಾತಾಡಲ್ಲ. ಬಾಬು ತನ್ನ ಬಟ್ಟೆ ತಾನೇ ಒಕ್ಕೊಳ್ತಿದ್ದ. ಕೊಡೋ ಅಂದ್ರೆ ಕೊಡ್ತಿರಲಿಲ್ಲ. ಕೋನಪ್ಪ ನಮ್ಮ ಮನೆ ಮುಂದಿನ ದಾರಿ ಬಿಟ್ಟು ಕೆರೆ ಕಟ್ಟೆ ಮೇಲಿಂದ ಸುತ್ತಿ ಹೋಗ್ತಿದ್ದ. ಯಜಮಾನ್ರು ಒಬ್ಬರೇ ಜಗುಲಿ ಮೇಲೆ ಕೂತು ಬೀಡಿ ಸೇದ್ತಿದ್ರು.

ಒಂದಿನ ಸಾರು ಬಡಿಸ್ತಾ ಕೇಳಿದೆ, "ಫೋನ್ ಮಾಡಿದ್ಲಾ?"

"ಮಾಡಿದ್ಲು."

"ಯಾವಾಗ ಬರ್ತಾಳಂತೆ?"

ಬಾಬು ತಟ್ಟೆ ತಳ್ಳಿದ. "ಯಾಕೆ? ನೆಲ ಉಜ್ಜೋಕೆ ಯಾರೂ ಇಲ್ಲ ಅಂತಲಾ?"

"ಏ ಬಾಬು!" ಅಂದ್ರು ಯಜಮಾನ್ರು.

"ಕೇಳಲಿ ಬಿಡಪ್ಪ. ನನ್ನ ಹೆಂಡ್ತಿ ಇಲ್ಲ ಅಂದ್ಲು. ಆಣೆ ಇಟ್ಟು ಇಲ್ಲ ಅಂದ್ಲು. ಅಮ್ಮ ನಂಬಲಿಲ್ಲ. ನಾನೂ ಅರ್ಧ ನಂಬಲಿಲ್ಲ. ಅದೇ ನನ್ನ ತಿಂತಿರೋದು." ಕೈ ತೊಳೆದು ಎದ್ದು ಹೋದ.

ನಾನು ಆ ತಟ್ಟೆ ಮುಂದೆ ಕೂತು ಅತ್ತೆ. ಆಗಲೂ ಹೇಳಲಿಲ್ಲ ನೋಡಿ. ಹೇಳಿದ್ರೆ ಮಗ ನನ್ನ ಮುಖ ನೋಡಲ್ಲ ಅಂತ ಭಯ. ಕೋನಪ್ಪ ಕಟ್ಟೆ ಸುತ್ತಿ ಹೋದ್ರೆ ಹೋಗ್ಲಿ, ಸೊಸೆ ತೌರಲ್ಲಿ ಅಳ್ತಿದ್ರೆ ಅಳ್ಲಿ, ಮಗ ನಂಗೆ ಬೇಕು ಅನ್ನೋ ಸ್ವಾರ್ಥ.

ಬಳ್ಳಿ ಮಾತ್ರ ಸೊಕ್ಕಿ ಬೆಳೀತು. ಪುಡಿ ಬಿದ್ದ ಮೇಲೆ ದುಂಬಿ ಒಂದೂ ಇಲ್ಲ. ಹೂವು ಬಿಟ್ಟು ಬಿಟ್ಟು ಉದುರಿ, ಕೊನೆಗೆ ಹುಳು ಮನೆ ಶೀಟಿನ ಮೇಲೆ ಎಲೆ ಮರೇಲಿ ಒಂದೇ ಒಂದು ಕಾಯಿ ನಿಂತಿತ್ತು. ನಾನು ನೋಡೋ ಹೊತ್ತಿಗೆ ಕೊಡದಷ್ಟಾಗಿತ್ತು. ಅಷ್ಟರೊಳಗೆ ಮೂರು ಮಳೆ ಬಂದು ಹೋಗಿದ್ರೂ ಯಾರೂ ಹಿತ್ತಲ ಕಡೆ ತಲೆ ಎತ್ತಿ ನೋಡಿರಲಿಲ್ಲ.

ಗೌರಿ ಹಬ್ಬ ಆದ ಮುಂದಿನ ವಾರ, ಆ ಕಾಯಿ ಇಳಿಸಿ, ಚೀಲಕ್ಕೆ ಹಾಕ್ಕೊಂಡು ಹೊರಟೆ. ಎಲ್ಲಿಗೆ ಅಂದ್ರು ಯಜಮಾನ್ರು. ಗೌರಿಬಿದನೂರಿಗೆ ಅಂದೆ. ಶಿಡ್ಲಘಟ್ಟದಲ್ಲಿ ಬಸ್ ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಬದಲಾಯಿಸಿದೆ. ಆಧಾರ್ ಕಾರ್ಡ್ ತೋರಿಸಿದ್ರೆ ಕಂಡಕ್ಟರ್ ನಕ್ಕ.

"ನಿಮಗೆ ಫ್ರೀ ಅಜ್ಜಿ. ನಿಮ್ಮ ಕುಂಬಳಕಾಯಿಗೂ ಆಧಾರ್ ಇದೆಯಾ?"

ಬೇರೆ ದಿನ ಆಗಿದ್ರೆ ಅವನಿಗೆ ಸರಿಯಾಗಿ ಕೊಡ್ತಿದ್ದೆ. ಅವತ್ತು ಕಾಯಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ.

ಪಂಕಜಮ್ಮ ಕಾಫಿ ಕೊಟ್ಟು, ಬ್ಲೌಸ್ ಪೀಸ್ ಕತ್ತರಿಸೋ ನೆಪ ಮಾಡ್ಕೊಂಡು ಒಳಗೆ ಹೋದ್ರು. ಪವಿತ್ರ ಕಿಟಕಿ ಪಕ್ಕ ಕೂತು ಕೊತ್ತಂಬರಿ ಸೋಸ್ತಿದ್ಲು. ಸೊರಗಿದ್ಲು. ಕೈ ಬಳೆ ಮೊಣಕೈಗೆ ಜಾರ್ತಿದ್ವು.

"ಪವಿತ್ರಮ್ಮ, ಒಂದು ಮಾತು ಹೇಳೋಕೆ ಬಂದಿದೀನಿ."

"ಹೇಳಿ ಅತ್ತೆ."

"ಹುಳು ಸತ್ತಿದ್ದು ನನ್ನಿಂದ ಕಣಮ್ಮ. ಬಳ್ಳಿಗೆ ದುಂಬಿ ಬಿತ್ತಲ್ಲ, ಕೊಟ್ಟಿಗೆ ಸೂರಲ್ಲಿ ಒಂದು ಪುಡಿ ಇಟ್ಟಿದ್ದೆ..."

ಎಲ್ಲಾ ಹೇಳಿದೆ. ಗಂಟು ಕಟ್ಟಿದ್ದು, ಗಾಳಿ, ಬೇಲಿ, ತಾಟು, ಇಲಾಖೆಯವರಿಗೆ ಸುಳ್ಳು ಹೇಳಿದ್ದು. ಅವಳು ಕೊತ್ತಂಬರಿ ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ ಹಾಕ್ತಾ ಕೇಳಿದ್ಲು.

"ಗೊತ್ತಿತ್ತು ಅತ್ತೆ," ಅಂದ್ಲು.

"ಏನು?"

"ತಾಟು ಒಗೆದೋಳು ನಾನೇ ಅಲ್ವಾ. ನೀರು ಇಳಿಯದೆ ಒಣಗೇ ಇದ್ದ ಮಡಿಕೆ ಒಳಗೆ ಬಿಳಿ ಪುಡಿ ಇತ್ತು. ಬಳ್ಳಿ ಎಲೆ ಮೇಲೂ ಅದೇ ಇತ್ತು. ಹೋಗಿ ನೋಡಿದೆ."

"ಮತ್ತೆ ಯಾಕಮ್ಮ ಹೇಳಲಿಲ್ಲ? ಬಾಬುಗಾದ್ರೂ ಹೇಳಬಾರದಿತ್ತಾ?"

"ನೀವು ನನಗೋಸ್ಕರ ಅರಿಶಿನ ಹಚ್ಚಿದ ಬಳ್ಳಿ ಅತ್ತೆ. ಹೇಗೆ ಹೇಳಲಿ? ನೀವೇ ಹೇಳ್ತೀರ ಅಂದ್ಕೊಂಡೆ. ಇವತ್ತು ಸಂಜೆ ಹೇಳ್ತೀರ, ನಾಳೆ ಹೇಳ್ತೀರ. ಸೊಂಟ ನೋಯ್ತಿದೆ ಅಂದಾಗ್ಲಾದ್ರೂ ಹೇಳ್ತೀರ ಅಂದ್ಕೊಂಡೆ." ಅವಳ ಕೈ ನಿಂತುಹೋಯ್ತು. "ಆಸ್ಪತ್ರೇಲೂ ಕಾದೆ."

ನಾನು ಅವಳ ಕಾಲು ಹಿಡಿಯೋಕೆ ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳ್ಕೊಂಡ್ಲು. ಸಿಟ್ಟಿಂದ ಅಲ್ಲ. ಅತ್ತೆ ಕೈಲಿ ಕಾಲು ಮುಟ್ಟಿಸ್ಕೊಬಾರದು ಅಂತ.

"ನನಗೆ ಹೇಳಿ ಏನಾಗಬೇಕು? ಮನೇಲಿ ಹೇಳಿ. ಕೋನಪ್ಪಣ್ಣಂಗೆ ಹೇಳಿ. ಮಕ್ಕಳ ಮೇಲೆ ಆಣೆ ಇಟ್ರಂತೆ ಪಾಪ."

"ಹೇಳ್ತೀನಿ. ಇವತ್ತೇ ಹೇಳ್ತೀನಿ. ನೀನು ಬರ್ತೀಯಾ?"

ಅವಳು ಮತ್ತೆ ಕೊತ್ತಂಬರಿ ಕೈಗೆ ತಗೊಂಡ್ಲು. ಕುಂಬಳಕಾಯಿ ನನ್ನ ಪಕ್ಕ ಚೀಲದಲ್ಲೇ ಇತ್ತು. ಅದನ್ನ ಅವಳ ಕಡೆ ಸರಿಸಿದೆ.

"ಇದನ್ನ ವಾಪಸ್ ತಗೊಂಡು ಹೋಗಿ ಅತ್ತೆ. ನಮ್ಮನೇಲಿ ಕುಯ್ಯೋಕೆ ಗಂಡಸರಿಲ್ಲ."

ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು, ಹೆಂಗಸರು ಹಾಕಿದ್ರೆ ಬಸಿರಿಗೆ, ಮಕ್ಕಳಿಗೆ ಒಳ್ಳೇದಲ್ಲ ಅನ್ನೋದು ನಮ್ಮ ಕಡೆ ರೂಢಿ. ಅದನ್ನ ಅವಳಿಗೆ ಹೇಳಿಕೊಟ್ಟೋಳು ನಾನೇ. ಬಂದ ದಾರೀಲಿ ಅದೇ ಚೀಲ ಹೊತ್ತುಕೊಂಡು ವಾಪಸ್ ಬಂದೆ.

ಸಂಜೆ ಮುದ್ದೆ ಬಡಿಸಿ, ಇಬ್ಬರ ಮುಂದೆನೂ ಕೂತು ಹೇಳಿದೆ. ಯಜಮಾನ್ರು ಕೈಯಲ್ಲಿದ್ದ ತುತ್ತು ತಟ್ಟೇಲಿಟ್ರು. ಎದ್ದು, ಟವಲ್ ಹೆಗಲಿಗೆ ಹಾಕ್ಕೊಂಡು, ಚಪ್ಪಲಿ ಕೂಡ ಮೆಟ್ಟದೆ ಕೋನಪ್ಪನ ಮನೆ ಕಡೆ ನಡೆದ್ರು. ನಾನೂ ಹಿಂದೇನೇ ಹೋಗಿ ಅವನ ಬಾಗಿಲಲ್ಲಿ ನಿಂತು ಹೇಳಿದೆ. ಕೋನಪ್ಪ "ಪೋನೀ ಲೇ ಅಕ್ಕಾ, ಬಿಡು" ಅಂದ. ಕೂತ್ಕೋ ಅನ್ನಲಿಲ್ಲ.

ಬಾಬು ಅಲ್ಲೇ ತಟ್ಟೆ ಮುಂದೆ ಕೂತಿದ್ದ, ನಾನು ವಾಪಸ್ ಬಂದಾಗಲೂ.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತಂತೆ ಕಣಪ್ಪ."

"ಗೊತ್ತಿದ್ದೂ ಎರಡು ದಿನ ಮಂಕರಿ ಹೊತ್ಲಾ?"

ನಾನು ತಲೆ ಆಡಿಸಿದೆ. ಅವನು ಮೂಲೇಲಿದ್ದ ಕುಂಬಳಕಾಯಿ ನೋಡಿದ.

"ಅಮ್ಮ, ಇದನ್ನ ಮಾತ್ರ ನನ್ನ ಕೈಯಲ್ಲಿ ಕುಯ್ಸಬೇಡ."

ಯಾರೂ ಕುಯ್ಯಲಿಲ್ಲ. ಸಂಕ್ರಾಂತಿವರೆಗೂ ಮೂಲೇಲಿತ್ತು. ತಳ ಮೆತ್ತಗಾದ ಮೇಲೆ ತಗೊಂಡು ಹೋಗಿ ಬಚ್ಚಲ ಹಿಂದೆ ಇಟ್ಟೆ, ಎಲ್ಲಿಂದ ಬಂದಿತ್ತೋ ಅಲ್ಲಿಗೇ. ಬಾಬು ಈಗ ವಾರದಲ್ಲಿ ಮೂರು ದಿನ ಗೌರಿಬಿದನೂರಲ್ಲಿ ಇರ್ತಾನೆ. ಮಿಕ್ಕ ನಾಲ್ಕು ದಿನ ಹುಳು ಕೆಲಸಕ್ಕೆ ಬರ್ತಾನೆ, ಹಾಕಿದ್ದು ತಿಂತಾನೆ. ಅವಳು ಬರೋ ವಿಚಾರ ಅವನೂ ಎತ್ತಲ್ಲ, ನಾನೂ ಕೇಳಲ್ಲ. ಅಡುಗೆಮನೆ ಗೋಡೇಲಿ ಈ ವರ್ಷದ ಕ್ಯಾಲೆಂಡರ್ ಇದೆ. ಅದರಲ್ಲಿ ಗುರುತು ಹಾಕೋಕೆ ಏನೂ ಇಲ್ಲ.

ಮತ್ತೆ ಮೇ ತಿಂಗಳು ಬಂತು. ಮೊದಲ ಮಳೆ ಬಿದ್ದ ವಾರಕ್ಕೆ ಕಾಯಿ ಕೊಳೆತ ಜಾಗದಲ್ಲಿ ಗುಂಪು ಗುಂಪಾಗಿ ಸಸಿ ಬಂದಿವೆ. ಎಣಿಸಿದೆ, ಹದಿನೇಳು. ಅರಿಶಿನದ ಬಟ್ಟಲು ತಗೊಂಡು ಹೋಗಿ, ಹಚ್ಚೋಕೆ ಮನಸ್ಸು ಬರದೆ ವಾಪಸ್ ತಂದಿಟ್ಟೆ. ನಿನ್ನೆಯಿಂದ ಕೆಂಪು ದುಂಬಿ ಕಾಣಿಸ್ಕೊಂಡಿವೆ.

ಬಿಸಿಲೇರೋಕೆ ಮುಂಚೆ ಅವು ಮಂಕಾಗಿರ್ತವೆ, ನಿಜ. ಸೋಪಿನ ನೀರಿನ ಲೋಟ ಇಟ್ಕೊಂಡು, ಕೂತು ಒಂದೊಂದೇ ಹಿಡಿದು ಹಾಕ್ತಿದೀನಿ. ಹೊತ್ತು ಹಿಡಿಯುತ್ತೆ, ಅಷ್ಟೇ.